ಕೌದಿಯ ಹೊಟ್ಟೆ

ಸೂಜಿ ಐದು ಪದರ ಬಟ್ಟೆಯೊಳಗೆ ಇಳಿಯುವಾಗ ಒಂದು ಸದ್ದು, ದಾರ ಎಳೆದುಕೊಂಡು ಹೊರಗೆ ಬರುವಾಗ ಇನ್ನೊಂದು. ಟಪ್, ಸರ್ರ್. ಟಪ್, ಸರ್ರ್. ಬೆಳಗಿನಿಂದ ಅಮರಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಇದನ್ನೇ ಕೇಳುತ್ತಾ ಕೂತಿದ್ದಳು. ನಡುವೆ ಒಮ್ಮೊಮ್ಮೆ ಅಕ್ಕ ಸಂಗಮ್ಮ ಚುಚ್ಚಿಕೊಂಡ ಬೆರಳನ್ನು ಬಾಯಲ್ಲಿಟ್ಟು ಚೀಪುವ ಸದ್ದು. ಆ ಚೀಪುವುದೊಂದು ನಿಂತರೆ ಸಾಕು, ಉಳಿದದ್ದನ್ನೆಲ್ಲ ತಡೆದುಕೊಳ್ಳಬಹುದು ಅನ್ನಿಸುತ್ತಿತ್ತು. ಯುಗಾದಿಗೆ ಇನ್ನು ಐದು ದಿನ. ಮಸ್ಕಿಯ ಮನೆಗಳೆಲ್ಲ ಸುಣ್ಣ ಬಳಿದುಕೊಂಡು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಅಂಗಳದ ಬೇವು ಮೈತುಂಬ ಹೂ ಬಿಟ್ಟಿತ್ತು. ಗಾಳಿ ಬೀಸಿದಾಗೊಮ್ಮೆ ಹೂವಿನ ಪುಡಿ ಹಾರಿ ಬಂದು ನೆಲದ ಮೇಲೆ ಹಾಸಿದ ತೊಟ್ಟಿಲ ಕೌದಿಯ ಮೇಲೆ ಬೀಳುತ್ತಿತ್ತು. ಬಿದ್ದಷ್ಟನ್ನೂ ಸಂಗಮ್ಮ ಬಗ್ಗಿ ಉಫ್ ಎಂದು ಊದಿ ಹಾರಿಸುತ್ತಿದ್ದಳು. ಕೈಯಿಂದ ಒರೆಸಿದರೆ ಹೂವಿನ ಅಂಟು ಬಟ್ಟೆಗೆ ಹತ್ತುತ್ತದಂತೆ, ನಾಳೆ ಕೂಸಿನ ಬಾಯಿಗೆ ಕಹಿ ತಾಗುತ್ತದಂತೆ. ಇನ್ನೂ ಹುಟ್ಟದ ಕೂಸಿಗೆ ಇಷ್ಟು! ಒಬ್ಬ ಹೆಂಗಸು ಇಷ್ಟು ಒಳ್ಳೆಯವಳಾಗಿರಬೇಕಾದ ಗರಜಾದರೂ ಏನು, ಅದೂ ತನ್ನ ಗಂಡನ ಎರಡನೇ ಹೆಂಡತಿಯ ಬಸಿರಿಗೆ? ಎರಡನೇ ಹೆಂಡತಿ ಎಂದರೆ ತಾನೇ ಎನ್ನುವುದು ಅಮರಮ್ಮನಿಗೆ ಯಾವಾಗಲೂ ಒಂದು ಕ್ಷಣ ತಡವಾಗಿ ನೆನಪಾಗುತ್ತಿತ್ತು.

ಅಕ್ಕನೇ ಬಂದು ಕೇಳಿದ್ದಲ್ಲವೇ. ಎರಡು ವರ್ಷದ ಹಿಂದೆ, ಇಂಥದೇ ಬೇವಿನ ಹೂವಿನ ದಿನಗಳಲ್ಲಿ, ಸಂಗಮ್ಮ ಬಂಡಿ ಕಟ್ಟಿಸಿಕೊಂಡು ಗುರುಗುಂಟಾಕ್ಕೆ ತವರಿಗೆ ಬಂದಳು. ಬಂದವಳು ನೀರೂ ಕುಡಿಯದೆ ತಂಗಿಯನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ತಲೆ ಬಾಚತೊಡಗಿದಳು. ಅವ್ವ ಸತ್ತ ಮೇಲೆ ಲಗ್ನವಾಗಿ ಹೋಗುವ ತನಕ, ಆಮೇಲೂ ತವರಿಗೆ ಬಂದಾಗಲೆಲ್ಲ, ಹೇನು ತೆಗೆದವಳು, ಮೂಗು ಒರೆಸಿದವಳು, ಮಗ್ಗಲಲ್ಲಿ ಹಾಕಿಕೊಂಡು ಮಲಗಿಸಿದವಳು ಅವಳೇ. ಹನ್ನೆರಡು ವರ್ಷ ದೊಡ್ಡವಳು. "ಲಗ್ನಾಗಿ ಹದಿಮೂರು ವರ್ಷಾತು, ನನಗ ಏನೂ ಆಗಲಿಲ್ಲ," ಎಂದಳು ಹಿಂದಿನಿಂದ. "ಅವರು ಇನ್ನೊಂದು ಮಾಡಿಕೊಳ್ಳಾಕತ್ತಾರ. ಬ್ಯಾರೆ ಯಾರರ ಬಂದ್ರ ನನ್ನ ಹೊರಗ ಹಾಕ್ತಾರ. ನೀ ಬಂದ್ರ ಹಾಕಂಗಿಲ್ಲ. ಬರ್ತೀಯೇನ?" ಬಾಚಣಿಗೆ ಸಿಕ್ಕಿನಲ್ಲಿ ಸಿಕ್ಕಿಕೊಂಡು ಅಮರಮ್ಮನ ತಲೆ ಹಿಂದಕ್ಕೆ ಜಗ್ಗಿ ಮತ್ತೆ ಮುಂದಕ್ಕೆ ಬಂತು. ಅಕ್ಕ ಅದನ್ನೇ ಹೂಂ ಎಂದುಕೊಂಡಿರಬೇಕು. ಅಥವಾ ತಾನೇ ಹೂಂ ಅಂದಳೋ. ಹದಿನೇಳು ವರ್ಷದವಳಿಗೆ ಮಸ್ಕಿಯ ದೊಡ್ಡ ಮನೆ, ಕಿರಾಣಿ ಅಂಗಡಿ, ಭಾವನ ಬಿಳಿ ರುಮಾಲು ಇವೆಲ್ಲ ಆಗಲೇ ಕಣ್ಣಿಗೆ ಕಟ್ಟಿರಲಿಲ್ಲ ಎಂದು ಹೇಳಲು ಬರುತ್ತದೆಯೇ? ಮೊದಲ ರಾತ್ರಿಯ ಹಾಸಿಗೆಯನ್ನು ಅಕ್ಕನೇ ಹಾಸಿದ್ದಳು, ಸುಕ್ಕು ಉಳಿಯದ ಹಾಗೆ ಅಂಗೈಯಿಂದ ಸವರಿ ಸವರಿ. ಹಾಸಿ, ದಿಂಬು ಕೊಡವಿ, ಬಾಗಿಲು ಮುಂದೆ ಮಾಡಿಕೊಂಡು ಹೋದಳು. ಅವತ್ತಿನಿಂದ ಅಮರಮ್ಮನಿಗೆ ಅಕ್ಕನ ಅಂಗೈ ಕಂಡರೆ ಮೈ ಉರಿಯುತ್ತಿತ್ತು.

ನಾಡಿದ್ದು ಅಣ್ಣ ಅಮರಗುಂಡಪ್ಪ ಬಂಡಿ ತೆಗೆದುಕೊಂಡು ಬರುವವನಿದ್ದ, ಸಂಗಮ್ಮನನ್ನು ಹಬ್ಬಕ್ಕೆ ಕರೆದೊಯ್ಯಲು. ಎಲ್ಲರೂ ಹಬ್ಬಕ್ಕೆ ಎಂದೇ ಹೇಳುತ್ತಿದ್ದರು. ಹಬ್ಬ ಮುಗಿದ ಮೇಲೆ ಎನ್ನುವುದನ್ನು ಅತ್ತೆ ಬಸವಣ್ಣೆಮ್ಮ ಅಮರಮ್ಮನ ನೆತ್ತಿಗೆ ಹರಳೆಣ್ಣೆ ತಟ್ಟುತ್ತಾ ಹೇಳಿದ್ದಳು: "ಹಡಿಯೋ ಮನ್ಯಾಗ ಬಂಜಿ ನೆಳ್ಳು ಇರಬಾರ್ದು. ಕೌದಿ ಮುಗೀಲಿ, ಹೋಗ್ತಾಳ. ಹೋದಾಕಿ ಅಲ್ಲೇ ಇರ್ಲಿ. ನೀ ಏನಂತಿ?" ಏನಂತಿ ಎಂದು ಕೇಳಿದ್ದಳಲ್ಲ. ಬೇಡ ಎಂದು ಒಂದು ಮಾತು ಅಂದಿದ್ದರೆ ನಡೆಯುತ್ತಿತ್ತು. ಎಂಟು ತಿಂಗಳ ಈ ಹೊಟ್ಟೆ ಏನು ಕೇಳಿದರೂ ಈ ಮನೆಯಲ್ಲಿ ಇಲ್ಲ ಎನ್ನುವವರಿರಲಿಲ್ಲ. ಅಮರಮ್ಮ ಅಂದದ್ದು: "ಎಣ್ಣಿ ಕಣ್ಣಾಗ ಬಂತ್ರಿ."

"ಎತ್ತಿಂದೂ ಒಂದು ತುಂಡು ಹಾಕ್ಯಾರ ನೋಡ್ರೆವ್ವ," ಎಂದಳು ಕೌದಿಯ ಇನ್ನೊಂದು ಅಂಚಿಗೆ ಕೂತಿದ್ದ ಜುಬೇದಾಬೀ, ಸೂಜಿಯಿಂದ ತೋರಿಸುತ್ತಾ. ಪಕ್ಕದ ಮನೆಯವಳು, ಹೊಲಿಗೆಗೆ ಕೈ ಕೂಡಿಸಲು ಬಂದಿದ್ದಳು. "ನಂದೂ ಒಂದು ತುಂಡು ಹಾಕ್ರಿ ಬಸವಣ್ಣೆಮ್ಮಾ. ಎತ್ತಿನ ಬಾಜೂಕ ಆದ್ರೂ ನಡೀತೈತಿ."

"ಎತ್ತು ಹೊಲ ಉಳ್ತೈತಿ, ನೀ ಏನು ಉಳ್ತೀಬೇ?" ಎಂದಳು ಅತ್ತೆ, ಹೊಸ್ತಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಾ.

"ನಿಮ್ಮ ತಲಿ ಉಳ್ತೀನಲ್ರಿ, ಇಪ್ಪತ್ತು ವರ್ಷಾತು. ಬೆಳಿ ಮಾತ್ರ ಏನೂ ಬರವಲ್ದು."

ಅವರಿಬ್ಬರೂ ನಕ್ಕರು. ರಜಾಕಾರರ ಗದ್ದಲದಲ್ಲಿ ಬಸವಣ್ಣೆಮ್ಮ ಊರು ಬಿಟ್ಟು ಹೋಗುವಾಗ ಈ ಮನೆಯ ಕೀಲಿ ಜುಬೇದಾಬಿಯ ಸೆರಗಿನಲ್ಲಿತ್ತು. ಆಮೇಲೆ ಮಿಲಿಟರಿ ಬಂದು ಗಾಳಿ ತಿರುಗಿದಾಗ ಜುಬೇದಾಬೀ ಹನ್ನೊಂದು ದಿನ ಈ ಮನೆಯ ಕಾಳಿನ ಕೋಣೆಯಲ್ಲಿ ಅಡಗಿದ್ದಳು. ನಾಲ್ಕು ವರ್ಷ ದಾಟಿದರೂ ಆ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಅದಕ್ಕೇ ಒಬ್ಬರನ್ನೊಬ್ಬರು ಇಷ್ಟು ಸಲೀಸಾಗಿ ಬೈಯಬಲ್ಲರು.

"ಮತ್ತ ದೊಡ್ಡ ಸೊಸೀದು ಯಾವ ತುಂಡ್ರಿ? ನನಗ ಕಾಣವಲ್ದು," ಎಂದಳು ಜುಬೇದಾಬೀ, ನಗು ಇನ್ನೂ ಬಾಯಲ್ಲಿರುವಾಗಲೇ.

"ಸೊಸಿ ಅಂದ್ರ ಹಡಿಯಾಕಿಬೇ," ಎಂದಳು ಬಸವಣ್ಣೆಮ್ಮ. ದನಿ ಏರಲಿಲ್ಲ, ಕೈಯೂ ನಿಲ್ಲಲಿಲ್ಲ. "ಅಕಿ ಹೊಲಿಯಾಕಿ. ಹೊಲ್ಯಾಕತ್ತಾಳ."

ಟಪ್, ಸರ್ರ್. ಸಂಗಮ್ಮನ ಸೂಜಿ ಒಂದು ಹೊಲಿಗೆಯೂ ತಪ್ಪಲಿಲ್ಲ. ಜುಬೇದಾಬೀ ಮಾತ್ರ ತಲೆ ತಗ್ಗಿಸಿ ದಾರದ ಗಂಟಿನ ಮೇಲೆ ಸಿಟ್ಟು ತೆಗೆದಳು.

ಈ ಮನೆಯಲ್ಲಿ ತೊಟ್ಟಿಲ ಕೌದಿಯೆಂದರೆ ಬರೀ ಹೊದಿಕೆಯಲ್ಲ. ಮನೆಯಲ್ಲಿ ಇರುವವರದೆಲ್ಲ ಒಂದೊಂದು ಹಳೆ ಬಟ್ಟೆಯ ತುಂಡು ಅದರಲ್ಲಿ ಕೂಡಬೇಕು; ಯಾರ ತುಂಡು ಕೌದಿಯಲ್ಲಿದೆಯೋ ಅವರು ಮನೆಯವರು, ಕೂಸಿಗೆ ಬೇಕಾದವರು, ಕಡೆತನಕ ಆ ಸೂರಿನ ಕೆಳಗೆ ಇರುವವರು. ಒಮ್ಮೆ ಹೊಲಿದ ಮೇಲೆ ಬಿಚ್ಚುವಂತಿಲ್ಲ. ಕೌದಿ ಬಿಚ್ಚಿದವರ ಮನೆ ಬಿಚ್ಚುತ್ತದೆ ಎನ್ನುವುದನ್ನು ಈ ಸೀಮೆಯ ಹೆಂಗಸರು ಬೆಂಕಿ ಸುಡುತ್ತದೆ ಎನ್ನುವಷ್ಟೇ ಸಹಜವಾಗಿ ಹೇಳುತ್ತಾರೆ. ಹದಿನೈದು ದಿನದ ಹಿಂದೆ ಅತ್ತೆ ತಾನೇ ಕೂತು ತುಂಡುಗಳನ್ನು ಜೋಡಿಸಿದ್ದಳು: ಮಗ ಶಿವಶರಣಪ್ಪನ ಧೋತರದ ಅಂಚು, ತನ್ನ ಇಳಕಲ್ ಸೆರಗು, ತೀರಿಹೋದ ಮಾವನ ರುಮಾಲು, ಎತ್ತಿನ ಬೆನ್ನಿಗೆ ಹೊದಿಸುವ ಜೂಲು, ಮೂಲೆ ತುಂಬಲು ಅಮರಮ್ಮನ ಗಂಟಿನ ಒಂದೆರಡು ಚಿಂದಿ. ನಟ್ಟನಡುವೆ, ಕೌದಿಯ ಹೊಟ್ಟೆ ಎನ್ನುವ ಜಾಗಕ್ಕೆ, ಅಮರಮ್ಮನ ಹಸಿರು ಸೀರೆಯ ಚೌಕ. ಕತ್ತರಿ ಹಿಡಿದಿದ್ದ ಸಂಗಮ್ಮ ಎಲ್ಲ ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. "ಏನು ನೋಡ್ತಿ, ಮುಗೀತು, ಹೊಲಿ," ಎಂದಿದ್ದಳು ಅತ್ತೆ.

ಮೂರು ದಿನದ ಹಿಂದೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಸಂಗಮ್ಮ ಇದ್ದಕ್ಕಿದ್ದಂತೆ ಹುಡುಗಿಯ ಹಾಗೆ ಕಿಸಕ್ಕೆಂದಳು. ಬೂದಿ ಕೈಯಿಂದಲೇ ತಂಗಿಯ ಕಿವಿಯನ್ನು ಹತ್ತಿರ ಎಳೆದುಕೊಂಡಳು. "ಆ ಹಸರು ಸೀರಿ ನಂದಲ್ಲೇನ ಹುಚ್ಚಿ? ನನ್ನ ಲಗ್ನದ್ದು. ನೀ ಇಲ್ಲಿಗೆ ಬಂದಾಗ ಉಡಾಕ ಕೊಟ್ಟಿದ್ದೆ. ಅತ್ತಿಗೆ ಮರ್ತೇ ಹೋಗೈತಿ. ನಿಂದಂತ ತಿಳದು ನಡುವ ಇಟ್ಟಾಳ, ಬರಾಬರ್ ಹೊಟ್ಟಿ ಮ್ಯಾಲ!" ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂದಿತ್ತು. "ಅಣ್ಣ ಬಂದು ಬಂಡಿ ಹತ್ತು ಅಂದ್ರ ಹೇಳ್ತೀನಿ, ನನ್ನ ಕೌದ್ಯಾಗ ಕೂಡಿಸಿ ಹೊಲಿದೀರಿ, ಬಿಚ್ಚರಿ ನೋಡೂಣು ಅಂತ. ಯಾರು ಬಿಚ್ಚತಾರ? ಬಿಚ್ಚಾಕ ಯಾರಿಗೆ ಧೈರ್ಯ ಐತಿ? ನಾ ಎಲ್ಲೂ ಹೋಗಂಗಿಲ್ಲಬೇ. ನಮ್ಮ ಕೂಸು ನನ್ನ ಸೀರಿ ಮ್ಯಾಲೇ ಮಕ್ಕೋತೈತಿ." ಯಾರಿಗೂ ಹೇಳಬೇಡ ಎಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವಿದೆ ಎಂದೇ ಅವಳಿಗೆ ಹೊಳೆದಿರಲಿಲ್ಲ. ಅಮರಮ್ಮ ನಕ್ಕಳು. ಆದರೆ 'ನಮ್ಮ ಕೂಸು' ಎನ್ನುವ ಮಾತು ಕಿವಿಯ ಮೇಲೆ ಹತ್ತಿದ ಬೂದಿಯ ಹಾಗೆ ಉಳಿಯಿತು. ಎರಡು ಸಲ ತೊಳೆದರೂ ಇನ್ನೂ ಅಲ್ಲೇ ಇದ್ದಂತೆ. ನಮ್ಮ ಕೂಸು. ಹಡೆಯುವ ನೋವು ಇವಳಿಗೋ? ಅಕ್ಕ ಎತ್ತಿಕೊಳ್ಳುತ್ತಾಳೆ, ಉಣ್ಣಿಸುತ್ತಾಳೆ, ಮಗ್ಗಲಲ್ಲಿ ಹಾಕಿಕೊಳ್ಳುತ್ತಾಳೆ. ಅತ್ತಾಗ ಕೂಸು ಅವಳ ಕಡೆಗೇ ಕೈ ಚಾಚುತ್ತದೆ. ತಾನು ಅವ್ವನ ಮುಖ ಮರೆತು ಅಕ್ಕನಿಗೆ ಅಂಟಿಕೊಂಡ ಹಾಗೆ. ಅವಳ ಕೈ ಅಂಥದು. ಹಿಡಿದದ್ದನ್ನೆಲ್ಲ ತನ್ನದು ಮಾಡಿಕೊಳ್ಳುವ ಕೈ, ಏನೂ ಕೇಳದೆಯೇ.

ಬೆಳಗಿನಿಂದ ಕೂಸು ಅಲ್ಲಾಡಿಲ್ಲ ಎನ್ನುವುದು ಮಧ್ಯಾಹ್ನದ ಊಟಕ್ಕೆ ಕೂತಾಗಲೇ ಅಮರಮ್ಮನಿಗೆ ಗೊತ್ತಾದದ್ದು. ದಿನವೂ ಉಂಡ ಮೇಲೆ ಎಡಪಕ್ಕೆಗೆ ಒಂದು ಒದೆ ಬೀಳುತ್ತಿತ್ತು. ಇವತ್ತು ಬೀಳಲಿಲ್ಲ. ಅಂಗೈ ಒತ್ತಿ ನೋಡಿದಳು. ಮಗ್ಗಲು ಬದಲಿಸಿದಳು. ಗಡಿಗೆಯ ಹಾಗೆ ಬಿಗಿಯಾದ, ಸುಮ್ಮನಿರುವ ಹೊಟ್ಟೆ. ಬಾಯಲ್ಲಿದ್ದ ರೊಟ್ಟಿ ಮಣ್ಣಾಯಿತು. ಹೇಳಬಾರದು ಎಂದುಕೊಂಡಳು, ಆದರೆ ಮುಖ ಹೇಳಿತ್ತು.

"ಯಾಕ, ಹಂಗ್ಯಾಕ ಕುಂತಿ?" ಬಸವಣ್ಣೆಮ್ಮ ಎದ್ದೇ ಬಂದಳು. "ಕೂಸು ಆಡಾಕತ್ತೈತಿಲ್ಲ?"

"ಮುಂಜಾನಿಂದ ಇಲ್ರಿ."

ಸೂಜಿಗಳೆರಡೂ ನಿಂತವು. ಸಂಗಮ್ಮ ಬಿದ್ದು ಎದ್ದು ಓಡಿ ಬಂದು ಮಂಡಿಯೂರಿ, ಕೇಳದೆ, ತನ್ನ ಕಿವಿಯನ್ನು ತಂಗಿಯ ಹೊಟ್ಟೆಗೆ ಒತ್ತಿದಳು. ಅವಳ ಕೂದಲಿನ ವಾಸನೆ, ಬೆವರಿನ ಬಿಸಿ. "ಮಕ್ಕೊಂಡಿರಬೇಕು ನಮ್ಮವ್ವ," ಎಂದಳು. "ಏಳ್ತೈತಿ, ಬೆಲ್ಲದ ನೀರು ಕುಡಿ, ಏಳ್ತೈತಿ." ಅತ್ತೆ ಅವಳ ಭುಜ ಹಿಡಿದು ಹಿಂದಕ್ಕೆ ಎಳೆದಳು, ಅಂಗಡಿಯ ಚೀಲದಿಂದ ಬೆಕ್ಕನ್ನು ಎಳೆಯುವ ಹಾಗೆ. "ನೀ ಸರಿ. ಮುಟ್ಟಬ್ಯಾಡ." ಸಂಗಮ್ಮ ಸರಿದಳು. ಸರಿದು ಕೂತಲ್ಲಿಂದಲೇ ಹೊಟ್ಟೆಯನ್ನೇ ನೋಡುತ್ತಿದ್ದಳು, ತುಟಿ ಅಲ್ಲಾಡಿಸುತ್ತಾ.

ಬೆಲ್ಲದ ನೀರಾಯಿತು. ಎಡಮಗ್ಗಲಾಯಿತು. ಅತ್ತೆಯ ಪ್ರಶ್ನೆಗಳು ಶುರುವಾದವು. ಏನು ದಾಟಿದಿ? ಯಾರು ಎದುರು ಬಂದರು? ಸಂತೆಯ ದಿನ ಯಾರ ಕೈಯಿಂದ ಏನು ತಿಂದಿ? ಒಂದೊಂದಕ್ಕೂ ಅಮರಮ್ಮ ಇಲ್ಲ, ಇಲ್ಲ ಎಂದಳು. "ಕೌದ್ಯಾಗ ಏನರ ಕೂಡಬಾರದ್ದು ಕೂಡೈತೇನು ಮತ್ತ? ಹೊಟ್ಟಿ ಹೊಲಿಯಾಕ ಹತ್ತಿದ್ದು ಇವತ್ತ ಮುಂಜಾನಿಂದ. ಇವತ್ತ ಮುಂಜಾನಿಂದ ಕೂಸು ಆಡಿಲ್ಲ." ಅತ್ತೆ ಇದನ್ನು ಅವಳಿಗೆ ಹೇಳಲಿಲ್ಲ, ಗಾಳಿಗೆ ಹೇಳಿದಳು. ಸಂಗಮ್ಮ ತಲೆ ಎತ್ತಿ ತಂಗಿಯನ್ನು ನೋಡಿದಳು. ಆ ಕಣ್ಣಲ್ಲಿ ಬೇಡಿಕೆ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಬರೀ ನಂಬಿಕೆ. ಇವಳು ಹೇಳುವವಳಲ್ಲ ಎಂಬ ನಂಬಿಕೆ, ಹಳೆಯ ಕಂಬಳಿಯ ಹಾಗೆ ಬೆಚ್ಚಗೆ, ಭಾರವಾಗಿ, ಚುಚ್ಚುವಂತೆ.

ಆಗಲೇ ಕೂಸು ಒದೆಯಿತು.

ಎಡಪಕ್ಕೆಯ ಕೆಳಗೆ, ಎಂದಿನ ಜಾಗದಲ್ಲೇ, ಸಣ್ಣ ಗಟ್ಟಿ ಹಿಮ್ಮಡಿ. ಮತ್ತೊಮ್ಮೆ. ಅಮರಮ್ಮನ ಮೈಯೆಲ್ಲ ಸಡಿಲಾಯಿತು. ಬಾಯಿ ತೆರೆದಳು. ಒದೀತ್ರಿ ಅತ್ತಿ ಎನ್ನಲು ತೆರೆದ ಬಾಯಿ ಅದು, ಆಮೇಲೆ ಎಷ್ಟು ಸಲ ನೆನೆದರೂ ಅವಳಿಗೆ ಅಷ್ಟು ಖಾತ್ರಿಯಿತ್ತು. ಆದರೆ ಹೊರಗೆ ಬಂದ ಮಾತು ಬೇರೆ.

"ಆ ಹಸರು ತುಂಡು ಅಕ್ಕಂದ್ರಿ. ಅಕ್ಕನ ಲಗ್ನದ ಸೀರೀದು."

ಬಸವಣ್ಣೆಮ್ಮ ಕೌದಿಯ ಹತ್ತಿರ ಹೋಗಿ ಬಗ್ಗಿ, ಹಸಿರು ಚೌಕವನ್ನು ಎರಡು ಬೆರಳಿಂದ ಮುಟ್ಟಿದಳು. ಸುತ್ತಲೂ ಮಡಚಿ ಹೊಲಿದಾಗಿತ್ತು. ಸಣ್ಣ ಸಣ್ಣ ಹೊಲಿಗೆಗಳ ನಾಲ್ಕು ಸುತ್ತು, ಇರುವೆಯ ಸಾಲಿನಷ್ಟು ನೆಟ್ಟಗೆ. ಇಡೀ ಮಸ್ಕಿಯಲ್ಲಿ ಅಂಥ ಹೊಲಿಗೆ ಇನ್ನೊಬ್ಬರದಿರಲಿಲ್ಲ.

"ಗೊತ್ತಿತ್ತೇನು ನಿನಗ?" ಎಂದು ಕೇಳಿದಳು ಸಂಗಮ್ಮನನ್ನು.

"ಗೊತ್ತಿತ್ರಿ."

"ಗೊತ್ತಿದ್ದೂ ಹೊಲಿದಿ."

"ನೀವೇ ಇಟ್ಟಿದ್ರಿ ಅತ್ತಿ."

"ಬಿಚ್ಚು."

ಜುಬೇದಾಬೀ ಎದ್ದು ನಿಂತಳು. "ತೋಬಾ ತೋಬಾ, ಬಸವಣ್ಣೆಮ್ಮಾ, ಏನಂತ ಮಾತಾಡ್ತೀರಿ? ಹೊಲಿದ ಕೌದಿ ಬಿಚ್ಚತಾರೇನ್ರಿ? ಬಿಚ್ಚಿದವರ ಮನಿ ಬಿಚ್ಚತೈತಿ ಅಂತ ನೀವೇ ಹೇಳಾವ್ರು. ತುಂಬಿದ ಬಸುರಿ ಮನ್ಯಾಗ ಕುಂತಾಳ!"

"ಅದಕ್ಕ ಅಕಿ ಬಿಚ್ಚಲಿ ಅಂದೆ," ಎಂದಳು ಬಸವಣ್ಣೆಮ್ಮ. "ಬಿಚ್ಚಾಕ ಅಕಿಗೆ ಮನಿ ಎಲ್ಲೈತಿ?"

ಇದನ್ನು ಅವಳು ಸಿಟ್ಟಿನಿಂದ ಅನ್ನಲಿಲ್ಲ. ತೂಕ ನೋಡಿ ಹೇಳುವವಳಂತೆ, ಇದಕ್ಕಿಂತ ಸರಿಯಾದ ದಾರಿ ಇಲ್ಲ ಎನ್ನುವವಳಂತೆ ಅಂದಳು. ಜುಬೇದಾಬೀ ಅವಳನ್ನೇ ನೋಡಿದಳು. ಆಮೇಲೆ ಮಡಿಲಿನ ದಾರದ ಚೂರುಗಳನ್ನು ಕೊಡವಿ, ತನ್ನ ಸೂಜಿಯನ್ನು ಕೌದಿಯಿಂದ ಕಿತ್ತುಕೊಂಡು, "ನಾ ಬರ್ತೀನ್ರಿ," ಎಂದು ಯಾರ ಮುಖವನ್ನೂ ನೋಡದೆ ಇಳಿದುಹೋದಳು. ಬಾಗಿಲಲ್ಲಿ ಶಿವಶರಣಪ್ಪ ಎದುರಾದ. ಸಿಂಧನೂರಿನಿಂದ ಆಗಷ್ಟೇ ಬಂದಿದ್ದ, ರುಮಾಲಿನ ಮೇಲೆ ಕೆಂಪು ಧೂಳು, ಬಾಯಿ ತುಂಬ ಸುದ್ದಿ. "ಕಾಲುವಿ ಖರೇನ ಬರ್ತೈತಂತ ನೋಡು. ಗೊರೇಬಾಳದಾಗ ಅಳತಿ ಹಾಕ್ಯಾರ, ಗೂಟಾ ಬಡದಾರ," ಎನ್ನುತ್ತಲೇ ಒಳಗೆ ಬಂದವನು ನಿಂತ. ನೆಲದ ಮೇಲೆ ಕೌದಿ, ಅದರ ಮುಂದೆ ಕತ್ತರಿ ಹಿಡಿದ ಮೊದಲ ಹೆಂಡತಿ, ಕಂಬದ ಬುಡದಲ್ಲಿ ಬೆವರಿದ ಎರಡನೆಯವಳು, ನಡುವೆ ಅವ್ವ. "ಏನಾತು?" ಎಂದ. "ಹೆಂಗಸರದು," ಎಂದಳು ಅವ್ವ. ಅವನು ಕಾಲು ತೊಳೆಯುವ ನೀರಿಗಾಗಿ ಒಂದು ಕ್ಷಣ ಕಾದ. ಯಾರೂ ಏಳಲಿಲ್ಲ. ಸಂಗಮ್ಮ ಏಳಲು ಹೋದವಳು ಅತ್ತೆಯನ್ನು ನೋಡಿ ಮತ್ತೆ ಕೂತಳು. ತಾನೇ ತಂಬಿಗೆ ತುಂಬಿಕೊಳ್ಳುವಾಗ ಅವನು ಸಂಗಮ್ಮನ ಕಡೆ ತಿರುಗಿದ, ಏನೋ ಕೇಳುವವನ ಹಾಗೆ. ಆಮೇಲೆ ಅಂಗಡಿಯ ಕೀಲಿ ತೆಗೆದುಕೊಂಡು ಹೊರಟೇಹೋದ. ಹದಿನೈದು ವರ್ಷ ಅವನ ಕಾಲಿಗೆ ನೀರು ಕೊಟ್ಟವಳು ಅವನು ಹೋದ ಬಾಗಿಲನ್ನು ನೋಡಲಿಲ್ಲ. ಅವಳ ಗಮನವೆಲ್ಲ ಅಮರಮ್ಮನ ಹೊಟ್ಟೆಯ ಮೇಲಿತ್ತು.

"ಈಗರ ಒದೀತೇನಬೇ?" ಎಂದಳು, ಮೊದಲ ಹೊಲಿಗೆಯ ಕೆಳಗೆ ಕತ್ತರಿಯ ಮೊನೆ ತೂರಿಸುತ್ತಾ.

ಹೂಂ ಅನ್ನಬಹುದಿತ್ತು. ಕೂಸು ಈಗ ಬಿಟ್ಟೂ ಬಿಡದೆ ಆಡುತ್ತಿತ್ತು, ಮಧ್ಯಾಹ್ನದ ನಿದ್ದೆ ಮುಗಿಸಿದ ಹುಮ್ಮಸ್ಸಿನಲ್ಲಿ. ಹೂಂ ಎಂದರೆ ಕತ್ತರಿ ನಿಲ್ಲುತ್ತದೆ. ಹೂಂ ಎಂದರೆ, ಯಾವಾಗಿನಿಂದ, ಎಂದು ಅತ್ತೆ ಕೇಳುತ್ತಾಳೆ. ಅಮರಮ್ಮ ಸೆರಗನ್ನು ಹೊಟ್ಟೆಯ ಮೇಲೆ ದಪ್ಪಗೆ ಎಳೆದುಕೊಂಡು, ಅಲುಗಾಟ ಕಾಣದ ಹಾಗೆ ಎರಡೂ ಅಂಗೈ ಮುಚ್ಚಿದಳು.

"ಇಲ್ಲ."

"ತಡಿ ತಡಿ, ಅಂಜಬ್ಯಾಡ. ಬಿಚ್ಚೇಬಿಡ್ತೀನಿ. ಜಲ್ದಿ ಬಿಚ್ಚತೀನಿ." ಸಂಗಮ್ಮನ ಕೈ ಓಡತೊಡಗಿತು. ಅಳುತ್ತಾಳೆ, ಜಗಳಾಡುತ್ತಾಳೆ, ಬಿಚ್ಚುವುದಿಲ್ಲ ಏನು ಮಾಡ್ತೀರಿ ಎನ್ನುತ್ತಾಳೆ ಎಂದು ಅಮರಮ್ಮ ಕಾದಿದ್ದಳು. ಹಾಗೆ ಮಾಡಿದ್ದರೆ ಅವಳನ್ನು ದ್ವೇಷಿಸುವುದು ಎಷ್ಟು ಸುಲಭವಾಗುತ್ತಿತ್ತು. ಸಂಗಮ್ಮ ಒಂದೊಂದೇ ಹೊಲಿಗೆಯನ್ನು ಕತ್ತರಿಸಿ, ದಾರದ ಚೂರನ್ನು ಉಗುರಿನಿಂದ ಎಳೆದು, ಎಳೆದದ್ದನ್ನು ಊದಿ ಹಾರಿಸಿ, ಮತ್ತೆ ಮುಂದಿನದಕ್ಕೆ ಹೋಗುತ್ತಿದ್ದಳು. ನಾಲ್ಕು ಸುತ್ತು. ಅವಸರದಲ್ಲಿ ಕತ್ತರಿ ಬೆರಳಿಗೆ ತಾಗಿತು, ಅವಳು ಚೀಪಲಿಲ್ಲ, ರಕ್ತ ಕೌದಿಗೆ ಹತ್ತದಂತೆ ಕೈಯನ್ನು ತನ್ನ ಸೀರೆಗೆ ಒರೆಸಿಕೊಂಡಳು. ಹಸಿರು ಚೌಕ ಕೈಗೆ ಬಂದಾಗ ಅದರ ಕೆಳಗೆ ಧೋತರದ ಬಿಳಿ, ಬಿಸಿಲು ಕಾಣದ ಬಿಳಿ. ಅವಳು ಚೌಕವನ್ನು ಮಡಚಿ ಮಡಿಲಿಗೆ ಹಾಕಿಕೊಂಡಳು.

"ಈಗ?"

"ಇಲ್ಲ."

ಸಂಗಮ್ಮನ ಮುಖ ಸುಣ್ಣವಾಯಿತು. ಅವಳು ಕೌದಿಯ ಮೇಲೆ ಅಂಬೆಗಾಲಿಟ್ಟು ಸುತ್ತಿದಳು, ಒಂದೊಂದು ತುಂಡನ್ನೂ ಅಂಗೈಯಿಂದ ಸವರುತ್ತಾ. "ಹಂಗಾರ ಇನ್ನೂ ಎಲ್ಲೋ ಉಳದೈತಿ ನಂದು. ನನಗ ಕಣ್ಣು ಮಂಜು ಆಗಾಕತ್ತೈತಿ, ನೀ ನೋಡವ್ವಾ. ನೀ ನೋಡು, ನಿನಗ ಗೊತ್ತಾಗ್ತೈತಿ. ಇನ್ನೇನರ ನಂದು ಐತೇನು ಇದರಾಗ?"

ಅಮರಮ್ಮ ನೋಡಿದಳು. ನೋಡಬೇಕಾಗಿರಲಿಲ್ಲ, ಎಲ್ಲಿದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಎಡಗಡೆಯ ಮೂಲೆಯಲ್ಲಿ, ಬೆರಳುದ್ದದ ಮುಮ್ಮೂಲೆ ತುಂಡು, ನೀಲಿಯ ಮೇಲೆ ಬಿಳಿ ಚುಕ್ಕಿ. ಅವ್ವ ಸತ್ತ ವರ್ಷ, ತನ್ನ ಲಗ್ನಕ್ಕೂ ಮೊದಲು, ಅಕ್ಕ ತನ್ನ ಮೈಮೇಲಿನ ಸೀರೆಯ ಅರ್ಧ ಹರಿದು ಹೊಲಿದುಕೊಟ್ಟ ಪರಕರ ಅದು. ಉಳಿದರ್ಧವನ್ನು ಅಕ್ಕ ಆ ವರ್ಷವೆಲ್ಲ ಮೊಣಕಾಲಿನ ತನಕ ಉಟ್ಟಿದ್ದಳು. ಅಕ್ಕನಿಗೇ ಮರೆತಿತ್ತು. ಅತ್ತೆಗೆ ಗೊತ್ತಾಗುವ ಮಾತೇ ಇಲ್ಲ. ಸುಮ್ಮನಿದ್ದರೆ ಯಾರೂ, ಎಂದಿಗೂ. ಅವಳ ಅಂಗೈಯ ಕೆಳಗೆ ಕೂಸು ಪಲ್ಟಿ ಹೊಡೆಯಿತು, ಖುಷಿಯಾದ ಮೀನಿನ ಹಾಗೆ.

"ಅದು," ಎಂದು ಬೆರಳು ತೋರಿಸಿದಳು.

"ಯಾವುದು? ಹೌದಲ್ಲ! ಅಯ್ಯ, ಖರೇ, ಪರಕರ! ಶ್ಯಾಣ್ಯಾಕಿ ನೋಡು ನೀ." ಸಂಗಮ್ಮ ಮೂಲೆಯ ಮೇಲೆ ಬಿದ್ದಳು. ಈ ಸಲ ಹೊಲಿಗೆ ಕತ್ತರಿಸುವಷ್ಟು ತಾಳ್ಮೆಯಿರಲಿಲ್ಲ, ಹಲ್ಲಿನಿಂದಲೇ ಕಚ್ಚಿ ಹರಿದಳು. ತುಂಡನ್ನು ಮುಷ್ಟಿಯಲ್ಲಿ ಹಿಡಿದು, ಬಾಯಲ್ಲಿ ದಾರದ ಎಳೆಯೊಂದು ಸಿಕ್ಕಿರುವಂತೆಯೇ ತಲೆಯೆತ್ತಿದಳು. ಕೇಳಲಿಲ್ಲ. ಕೇಳಲು ಹೆದರಿದಳು.

"ಒದೀತು," ಎಂದಳು ಅಮರಮ್ಮ, ಕೈ ತೆಗೆದು.

ಬಸವಣ್ಣೆಮ್ಮ ನೋಡಿದಳು. ಸೆರಗಿನಡಿ ಹೊಟ್ಟೆ ಎದ್ದು ಇಳಿಯುವುದು ದೂರದಿಂದಲೂ ಕಾಣುತ್ತಿತ್ತು. "ಶಿವಾ," ಎಂದು ಗೋಡೆಗೆ ಒರಗಿದಳು. "ನಾ ಹೇಳಿದ್ನಿಲ್ಲ?" ಸಂಗಮ್ಮನ ಮುಖದ ಮೇಲೆ ಒಂದು ನಗು ಬಂತು, ಇಡೀ ಮುಖವನ್ನು ಕಿತ್ತುಕೊಂಡು ಬಂದಂಥ ನಗು. ಎಂದಿನಂತೆ ಎರಡೂ ಕೈ ಚಾಚಿ ತಂಗಿಯ ಕಡೆ ಮಂಡಿಯ ಮೇಲೆ ಎರಡು ಹೆಜ್ಜೆ ಬಂದಳು. ಬಂದವಳು ತಟ್ಟನೆ ನಿಂತು, ತನ್ನ ಅಂಗೈಗಳನ್ನು ತಾನೇ ನೋಡಿಕೊಂಡಳು.

"ಬ್ಯಾಡ," ಎಂದಳು ಮೆಲ್ಲಗೆ. "ನಾ ದೂರ ಕೂಡ್ತೀನಿ." ಕೂತಲ್ಲಿಂದಲೇ ಹಿಂದೆ ಹಿಂದೆ ಸರಿದಳು, ಕೌದಿಯ ಅಂಚು ತನಗೆ ತಾಗದಂತೆ ಸೀರೆಯನ್ನು ಒತ್ತಿ ಹಿಡಿದುಕೊಂಡು, ಪಡಸಾಲೆ ದಾಟಿ, ಹೊಸ್ತಿಲು ದಾಟಿ, ಅಂಗಳದ ಬಿಸಿಲಿನ ತನಕ. ಅಲ್ಲಿ ಕೂತು ಕಣ್ಣು ಕಿರಿದು ಮಾಡಿ ಕೂಗಿ ಕೇಳಿದಳು, "ಇಷ್ಟು ದೂರ ಸಾಕೇನು?"

ಅಮರಮ್ಮ ಸೆರಗನ್ನು ಮತ್ತೆ ಹೊಟ್ಟೆಯ ಮೇಲೆ ಎಳೆದುಕೊಂಡಳು. ಸಂಗಮ್ಮ ಇನ್ನೊಂದಿಷ್ಟು ಹಿಂದೆ ಸರಿದಳು.